ನಲ್ಲಿಗೆ ಕಟ್ಟಿದ ದಾರ

ನೌರೋಜ್ ಎಂಬ ಹುಡುಗ ನಮ್ಮ ಮನೆಗೆ ಬಂದ ಮೇಲೆ ನನ್ನ ಬೆಳಗಿನ ಜಾವದ ಕನಸುಗಳಲ್ಲೆಲ್ಲ ನೀರು ಹರಿಯತೊಡಗಿತು. ಊರಿನ ಏಪ್ರಿಕಾಟ್ ತೋಟದಲ್ಲಿ ನಡೆಯುತ್ತಿದ್ದರೆ ಮರಗಳ ಬುಡದಲ್ಲಿ ನೀರು. ಬರುವ ದಾರಿಯಲ್ಲಿ ದುಡಿದ ಇಸ್ತಾಂಬುಲಿನ ಹೊಲಿಗೆ ಕಾರ್ಖಾನೆಯಲ್ಲಿ ಕೂತಿದ್ದರೆ ಸೂಜಿಯ ಕೆಳಗಿಂದ ನೀರು. ಒಂದು ದಿನ ಗಡಿಯಲ್ಲಿ ಕೈತಪ್ಪಿಹೋದ ನನ್ನ ಅಣ್ಣ ಎದುರಿಗೆ ಬಂದು ನಿಂತ, ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ನಲ್ಲಿ ಬಿಟ್ಟ ಸದ್ದು ಬಂತು. ಎಚ್ಚರವಾದಾಗ ಗೋಡೆಯಾಚೆಯ ಬಚ್ಚಲಲ್ಲಿ ನಿಜಕ್ಕೂ ನಲ್ಲಿ ಸುರಿಯುತ್ತಿತ್ತು. ಅದರೊಳಗೆ ಒಂದು ಪಿಸುಮಾತು, ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ.

ನಾವು ಮೂವರು. ನಾನು ಬರಾತ್, ಹದಿನೇಳು. ನನಗಿಂತ ಒಂದು ವರ್ಷಕ್ಕೆ ಚಿಕ್ಕವನು ಸಖಿದಾದ್. ನವೆಂಬರ್ ಮಧ್ಯದಲ್ಲಿ ಬಂದ ನೌರೋಜ್‌ಗೆ ಹದಿನಾರು. ಮೂವರೂ ಊರು ಬಿಟ್ಟು ಓಡಿಬಂದ ಹಜಾರಾ ಜನಾಂಗದವರು, ಮೂವರೂ ಒಂಟಿಯಾಗಿ ಬಂದವರು, ಮೂವರೂ ಹುಟ್ಟಿದ್ದು ಜನವರಿ ಒಂದಕ್ಕೆ. ನಮ್ಮ ಕಡೆ ಹುಟ್ಟಿದ ದಿನ ಯಾರೂ ಬರೆದಿಡುವುದಿಲ್ಲ. ಹಿಮ ಬಿದ್ದ ವರ್ಷ, ಹಸು ಸತ್ತ ವರ್ಷ ಎಂದು ಲೆಕ್ಕ. ಸಮುದ್ರ ದಾಟಿ ಇಳಿದ ದ್ವೀಪದಲ್ಲಿ ನಮ್ಮನ್ನು ದಾಖಲು ಮಾಡಿಕೊಂಡ ಗುಮಾಸ್ತ ಎಲ್ಲರಿಗೂ ಅದೇ ದಿನ ಕೊಟ್ಟ. ಹೀಗಾಗಿ ಪ್ರತಿ ಹೊಸ ವರ್ಷದ ದಿನ ಅಥೆನ್ಸಿನಲ್ಲಿ ನಮ್ಮಂಥ ನೂರಾರು ಜನ ಒಟ್ಟಿಗೆ ಹದಿನೆಂಟು ತುಂಬಿ ದೊಡ್ಡವರಾಗುತ್ತಾರೆ, ಒಟ್ಟಿಗೆ ಬೀದಿಗಿಳಿಯುತ್ತಾರೆ.

ಮನೆ ಕಿಪ್ಸೆಲಿ ಬಡಾವಣೆಯಲ್ಲಿ, ಮೂರನೇ ಮಹಡಿ. ಒಂದು ಸಂಸ್ಥೆ ಬಾಡಿಗೆಗೆ ಹಿಡಿದು ನಮಗೆ ಬಿಟ್ಟುಕೊಟ್ಟಿತ್ತು. ಒಂದು ಕೋಣೆಯಲ್ಲಿ ಮೂರು ಮಂಚ, ಅಡುಗೆಮನೆ, ಬಚ್ಚಲು. ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಕಿರಿದಾದ ಬಾವಿಯಂಥ ಜಾಗ. ಎಲ್ಲ ಮನೆಗಳ ಬಚ್ಚಲ ಕಿಟಕಿಯೂ ಅದಕ್ಕೇ ತೆರೆಯುತ್ತಿತ್ತು. ಬೆಳಕಿನ ಬಾವಿ ಎನ್ನುತ್ತಿದ್ದೆವು. ಬೆಳಕು ಮಾತ್ರ ಅದರೊಳಗೆ ಮಧ್ಯಾಹ್ನ ಇಪ್ಪತ್ತು ನಿಮಿಷ ಇಳಿದು, ಯಾರದೋ ಒಳಚಡ್ಡಿಯ ಮೇಲೆ ಬಿದ್ದು, ಮತ್ತೆ ಮೇಲೆ ಹೋಗುತ್ತಿತ್ತು.

ಈ ಮನೆಗೆ ಬರುವ ಮೊದಲು ನಾನು ದೊಡ್ಡ ಆಶ್ರಯಕೇಂದ್ರದಲ್ಲಿ ಹದಿನಾಲ್ಕು ತಿಂಗಳಿದ್ದೆ. ಒಂದು ಹಾಲಿನಲ್ಲಿ ನಲವತ್ತು ಮಂಚ. ಅಲ್ಲಿ ಯಾರಿಗೂ ಪೂರ್ತಿ ಕನಸು ಬೀಳುತ್ತಿರಲಿಲ್ಲ. ಪಕ್ಕದವನು ಕೂಗಿದರೆ ನಿನ್ನ ಕನಸು ಅರ್ಧಕ್ಕೇ ತುಂಡು, ಉಳಿದರ್ಧ ಅವನದು. ಈ ಮನೆಯಲ್ಲಿ ಮೊದಲ ರಾತ್ರಿ ನನಗೊಂದು ಕನಸು ಕೊನೆಯವರೆಗೂ ಬಿತ್ತು. ಏನೂ ಇಲ್ಲ, ಒಂದು ಕತ್ತೆ ಹುಲ್ಲು ತಿನ್ನುತ್ತಿತ್ತು, ಅಷ್ಟೇ. ಆದರೆ ಕೊನೆಯವರೆಗೂ ತಿಂದಿತು.

ಹಾಗಾಗಿ ಈ ಮಂಚ ನನಗೆ ಬೇಕಿತ್ತು. ಜೂನ್‌ವರೆಗೆ ಸಿಕ್ಕಿದರೆ ಸಾಕಿತ್ತು. ಕಸುಬಿನ ಶಾಲೆಯಲ್ಲಿ ಪ್ಲಂಬಿಂಗ್ ಕಲಿಯುತ್ತಿದ್ದೆ, ಜೂನ್‌ನಲ್ಲಿ ಸರ್ಟಿಫಿಕೇಟು. ನಮ್ಮ ಮನೆ ನೋಡಿಕೊಳ್ಳುವ ಲಂಬ್ರಿನಿ ನನ್ನ ಪರವಾಗಿ ಅರ್ಜಿ ಹಾಕಿದ್ದಳು: ಹದಿನೆಂಟು ತುಂಬಿದರೂ ಓದು ಮುಗಿಯುವವರೆಗೆ ಇರಲು ಬಿಡಿ ಎಂದು. ಡಿಸೆಂಬರ್‌ನಲ್ಲಿ ಸಮಿತಿ ತೀರ್ಮಾನ ಮಾಡಬೇಕಿತ್ತು.

ಲಂಬ್ರಿನಿ ಬುಧವಾರ ಬರುತ್ತಾಳೆ. ಮೊದಲು ಫ್ರಿಜ್ಜು ತೆರೆದು ಮೂಸುತ್ತಾಳೆ, ಆಮೇಲೆ ನಮ್ಮನ್ನು ಮಾತಾಡಿಸುತ್ತಾಳೆ. ನವೆಂಬರ್ ಕೊನೆಯ ಬುಧವಾರ ಫ್ರಿಜ್ಜು ತೆರೆಯಲಿಲ್ಲ.

"ಕೆಳಗಿನ ಮನೆ ಎವಂಥಿಯಾ ಅಮ್ಮ ಎರಡನೇ ಸಲ ದೂರು ಬರೆದಿದ್ದಾರೆ," ಅಂದಳು. "ಬೆಳಿಗ್ಗೆ ಐದೂವರೆಗೆ ಅರ್ಧ ಗಂಟೆ ನೀರು ಬಿಡ್ತೀರಂತೆ. ಪೈಪು ಅವರ ಮಲಗೋ ಕೋಣೆ ಗೋಡೇಲೇ ಇಳಿಯೋದು. ಎಂಬತ್ತೊಂದು ವಯಸ್ಸು ಅವರಿಗೆ. ಯಾರದು?"

ಸಖಿದಾದ್ ಚಾವಣಿ ನೋಡಿದ. ನೌರೋಜ್‌ಗೆ ಗ್ರೀಕ್ ಬರುತ್ತಿರಲಿಲ್ಲ, ಅವಳ ಮೂಗಿನ ನತ್ತು ನೋಡುತ್ತಿದ್ದ.

"ನಾನು ಸರಿ ಮಾಡ್ತೀನಿ," ಅಂದೆ.

"ಮಾಡು. ಮೂರನೇದು ಬಂದ್ರೆ ಅದು ನೇರ ಸಮಿತಿ ಮುಂದೆ ಹೋಗುತ್ತೆ, ನಿನ್ನ ಅರ್ಜಿ ಜೊತೇಲೇ. ಆಗ ನನ್ನ ಕೈಲಿ ಏನೂ ಇರಲ್ಲ ಬರಾತ್."

ಅವಳು ಹೋದ ಮೇಲೆ ಚಹಾ ಇಟ್ಟೆ, ನೌರೋಜ್‌ನನ್ನು ಎದುರಿಗೆ ಕೂರಿಸಿಕೊಂಡೆ. ತೆಳ್ಳಗಿನ ಹುಡುಗ, ಕತ್ತು ಉದ್ದ. ಮಂಚದ ಮೇಲೆ ಮಲಗುವಾಗಲೂ ಶೂ ಬಿಚ್ಚುತ್ತಿರಲಿಲ್ಲ.

"ಬೆಳಿಗ್ಗೆ ನಲ್ಲಿ ಮುಂದೆ ನಿಂತ್ಕೊಂಡು ಏನೋ ಮಾಡ್ತೀಯಾ?"

"ಕನಸು ಹೇಳ್ತೀನಿ, ಲಾಲಾ." ಲಾಲಾ ಎಂದರೆ ನಮ್ಮಲ್ಲಿ ಅಣ್ಣ. ಅವನು ಅದನ್ನು ತೀರಾ ಗೌರವದಿಂದ ಹೇಳುತ್ತಿದ್ದ, ನನಗೆ ಕೋಪ ಮಾಡಿಕೊಳ್ಳುವುದು ಕಷ್ಟವಾಗುವಷ್ಟು.

"ಅರ್ಧ ಗಂಟೆ ಕನಸಾ?"

"ಧಾರಾವಾಹಿ ಕಣೋ," ಅಂದ ಸಖಿದಾದ್. "ಕಂತು ಕಂತಾಗಿ ಬೀಳುತ್ತೆ ಇವನಿಗೆ."

ನೌರೋಜ್ ನಗಲಿಲ್ಲ. "ಕೆಟ್ಟ ಕನಸು ಹರಿಯೋ ನೀರಿಗೆ ಹೇಳ್ಬೇಕಲ್ವಾ. ನೀನೂ ನಮ್ಮ ಕಡೆಯವನೇ. ನಿಮ್ಮನೇಲಿ ಹೇಳ್ತಿರ್ಲಿಲ್ವಾ?"

ಹೇಳುತ್ತಿದ್ದರು. ನನ್ನ ಅಜ್ಜಿ ಚಹಾ ಕುಡಿಯುವ ಮೊದಲೇ ಕಾಲುವೆಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ನೀರಿಗೆ ಹೇಳಿ ಬರುತ್ತಿದ್ದಳು. ನೀರು ಹೊತ್ತುಕೊಂಡು ಹೋಗುತ್ತದೆ. ಮನುಷ್ಯರಿಗೆ ಹೇಳಬಾರದು, ಮೊದಲು ಕೇಳಿದವರ ಕಿವಿಯಲ್ಲಿ ಕನಸು ಬೇರು ಬಿಡುತ್ತದೆ, ನಿಜವಾಗುತ್ತದೆ. ಕೆಳಗಿನ ಊರಿನವರು ಆ ನೀರನ್ನೇ ಕುಡಿಯುತ್ತಾರಲ್ಲ ಎಂದು ಒಂದು ಸಲ ಕೇಳಿದ್ದೆ. "ಅವರೂ ತಮ್ಮದನ್ನ ಕೆಳಗೆ ಕಳಿಸ್ತಾರೆ ಬಿಡು," ಎಂದಿದ್ದಳು.

"ಅದು ಕಾಲುವೆ," ಅಂದೆ. "ಇದು ಪೈಪು. ನಾನು ಇದನ್ನೇ ಓದ್ತಿರೋದು. ಪೈಪಿನ ನೀರು ಏನನ್ನೂ ಹೊತ್ಕೊಂಡು ಹೋಗಲ್ಲ, ಕೊಳೆ ಒಂದನ್ನ ಬಿಟ್ಟು."

"ಇದೂ ಹೋಗುತ್ತಲ್ಲ?"

"ಚರಂಡಿಗೆ ಹೋಗುತ್ತೆ."

"ಹೋಗ್ಲಿ," ಅಂದ. "ಚರಂಡಿಗೇ ತಾನೇ ಹೋಗ್ಬೇಕಾದ್ದು."

ನಾನು ನನ್ನ ಮಂಚದ ವಿಷಯ ಬಿಡಿಸಿ ಹೇಳಿದೆ. ಜನವರಿ ಒಂದು, ಸಮಿತಿ, ಮೂರನೇ ದೂರು. ಅವನು ಬಟ್ಟಲಿನ ತಳ ನೋಡುತ್ತ ಕೇಳಿದ. ಕೊನೆಗೆ "ನಲ್ಲಿ ಮುಟ್ಟಲ್ಲ ಲಾಲಾ, ಆಣೆ," ಅಂದ. ಮಾತು ಉಳಿಸಿಕೊಂಡ. ನಿದ್ದೆ ಬಿಟ್ಟ. ನಾಲ್ಕು ದಿನ ಬೆಳಿಗ್ಗೆ ನಾನು ಎದ್ದಾಗೆಲ್ಲ ಅವನು ಶೂ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿರುತ್ತಿದ್ದ, ಬಸ್ಸಿಗೆ ಕಾಯುವವನಂತೆ, ಬಾಯಿ ತುಂಬ ಏನೋ ಇಟ್ಟುಕೊಂಡವನಂತೆ.

"ಇವನು ಒಡೀತಾನೆ," ಅಂದ ಸಖಿದಾದ್. "ಪ್ಲಂಬರ್ ಸಾಹೇಬ್ರೇ, ಒತ್ತಡ ಜಾಸ್ತಿ ಆದ್ರೆ ಪೈಪಿಗೆ ಏನಾಗುತ್ತೆ, ನಿಮ್ಮ ಪುಸ್ತಕದಲ್ಲಿ ಇದ್ಯಾ?"

ಭಾನುವಾರ ಅವನಿಗೆ ಹರಿಯುವ ನೀರು ಹುಡುಕಲು ಹೊರಟೆವು. ನೆನಪಿಸಿಕೊಂಡರೆ ಆ ಭಾನುವಾರ ನಿಜವಾಗಿ ನಡೆದದ್ದೋ, ಮೂವರಿಗೂ ಒಟ್ಟಿಗೆ ಬಿದ್ದ ಕನಸೋ ಎಂದು ಅನುಮಾನವಾಗುತ್ತದೆ. ಬೀದಿಗಳಲ್ಲಿ ಜನರಿರಲಿಲ್ಲ. ದಾರಿಬದಿಯ ಕಿತ್ತಳೆ ಮರಗಳಿಂದ, ಯಾರೂ ತಿನ್ನದ ಕಹಿ ಕಿತ್ತಳೆಗಳು ಉರುಳಿ, ನಮಗಿಂತ ಮುಂದೆ ಇಳಿಜಾರಿನಲ್ಲಿ ಹೋಗುತ್ತಿದ್ದವು.

ಮೊದಲು ಚೌಕದ ಕಾರಂಜಿ. ನೌರೋಜ್ ಖುಷಿಯಿಂದ ಬಗ್ಗಿದ. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವ ಗುಣ ನನಗಿಲ್ಲ.

"ಕೆಳಗೆ ಪಂಪ್ ಇದೆ. ಅದೇ ನೀರು ಸುತ್ತಿ ಸುತ್ತಿ ಬರೋದು."

ಅವನು ಎದ್ದು ನಿಂತ. "ಅಂದ್ರೆ ಹೇಳಿದ್ದೂ ತಿರುಗಿ ಬರುತ್ತೆ."

"ನಿನ್ನ ವಿದ್ಯೆಗೆ ಬೆಂಕಿ ಬೀಳ," ಅಂದ ಸಖಿದಾದ್ ನನಗೆ.

ಟ್ರಾಮ್ ಹಿಡಿದು ಸಮುದ್ರಕ್ಕೆ ಹೋದೆವು. ಬೂದುಬಣ್ಣದ ನೀರು, ದೂರದಲ್ಲಿ ಒಂದು ಹಡಗು ಆಕಾಶಕ್ಕೆ ಅಂಟಿಸಿದ ಹಾಗೆ ನಿಂತಿತ್ತು. ನೌರೋಜ್ ದಡದಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತ. ನಾವು ಮೂವರೂ ಸಮುದ್ರ ದಾಟಿಯೇ ಬಂದವರು. ಹತ್ತು ಹೆಜ್ಜೆ ಮೂವರಿಗೂ ಸರಿಯಾದ ದೂರ.

"ಇದಕ್ಕೆ ಬೇಡ," ಅಂದ. "ಇದು ಹೋಗೋ ನೀರಲ್ಲ. ನೋಡು, ಬಂದು ಬಂದು ಕೇಳುತ್ತೆ. ಆಮೇಲೆ? ಆಮೇಲೆ? ಅಂತ."

ಸಮುದ್ರ ಸೇರುವ ನದಿಯೊಂದು ಹತ್ತಿರದಲ್ಲಿತ್ತು. ದಂಡೆಯುದ್ದಕ್ಕೂ ನಡೆದೆವು. ಮೇಲೆ ಹೆದ್ದಾರಿ, ಕೆಳಗೆ ಎರಡು ಸಿಮೆಂಟು ಗೋಡೆಗಳ ನಡುವೆ ಚಹಾ ಬಣ್ಣದ ನೀರು. ಹತ್ತಿರ ಹೋಗದಂತೆ ತಂತಿಬೇಲಿ. ನೌರೋಜ್ ಬೇಲಿಗೆ ಬೆರಳು ಸಿಕ್ಕಿಸಿ, ಬಾಯಿ ತಂತಿಗಿಟ್ಟು ಹೇಳತೊಡಗಿದ. ತಲೆಯ ಮೇಲೆ ಲಾರಿಗಳು. ಅವನ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅವನು ಮತ್ತಷ್ಟು ಜೋರಾಗಿ ಕೂಗಿದ, ಲಾರಿಯೂ ಜೋರಾಯಿತು.

ತಿರುಗಿ ಬಂದಾಗ ತುಟಿಗೆ ತುಕ್ಕು ಮೆತ್ತಿತ್ತು. "ಕೇಳಿಸ್ತೋ ಇಲ್ವೋ."

"ನೀರಿಗೆ ಕಿವಿ ಇರುತ್ತೇನೋ?" ಅಂದೆ.

"ಇಲ್ಲ ಅನ್ನೋದಾದ್ರೆ ನೀನ್ಯಾಕೆ ಇಷ್ಟು ದೂರ ಬಂದೆ ಲಾಲಾ?"

ಎಳ್ಳು ಮೆತ್ತಿದ ಬಳೆರೊಟ್ಟಿ ಮೂರು ಕೊಂಡು ತಿನ್ನುತ್ತ ಮನೆಗೆ ಬಂದೆವು. ಅಂದು ಅವನು ಸ್ವಲ್ಪ ಮಲಗಿದ. ಲಾರಿಗೋ ನದಿಗೋ ಯಾವುದಕ್ಕೋ ಒಂದಷ್ಟು ಹೋಗಿರಬೇಕು.

ಡಿಸೆಂಬರ್ ಹನ್ನೊಂದರಂದು ಬೆಳಿಗ್ಗೆ ಮಳೆ ಬಂತು. ಅರೆನಿದ್ದೆಯಲ್ಲಿ ನನಗೆ ಮತ್ತೆ ನೀರು ಕೇಳಿಸಿತು, ಮತ್ತೆ ಪಿಸುಮಾತು. ನಲ್ಲಿಯಲ್ಲ, ಮಳೆ ಎಂದು ನನಗೆ ನಾನೇ ಹೇಳಿಕೊಂಡು ಹೊದಿಕೆ ಎಳೆದುಕೊಂಡೆ. ಮಳೆಯೇ ಹೌದು. ಬೆಳಕಿನ ಬಾವಿಯಲ್ಲಿ ತಾರಸಿಯ ನೀರು ಇಳಿಯುವ ತಗಡಿನ ಕೊಳವೆಯೊಂದಿದೆ. ಆಮೇಲೆ ತಿಳಿಯಿತು, ನೌರೋಜ್ ಬಚ್ಚಲ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ, ಆ ಕೊಳವೆಗೆ ಬಾಯಿ ಹಚ್ಚಿ ತನ್ನ ಕನಸು ಹೇಳುತ್ತಿದ್ದ. ನಲ್ಲಿ ಮುಟ್ಟಿರಲಿಲ್ಲ. ಮಾತಿಗೆ ತಪ್ಪಿರಲಿಲ್ಲ.

ಮಧ್ಯಾಹ್ನ ಶಾಲೆಯಿಂದ ಬಂದಾಗ ಲಂಬ್ರಿನಿ ಅಡುಗೆಮನೆಯಲ್ಲಿ ಕೂತಿದ್ದಳು. ಅಂದು ಬುಧವಾರವೇ, ಆದರೆ ಕೋಟು ಬಿಚ್ಚಿರಲಿಲ್ಲ. ಮೇಜಿನ ಮೇಲೆ ಗೆರೆ ಎಳೆದ ಕಾಗದ, ನೀಲಿ ಶಾಯಿ, ನಡುಗುವ ಅಕ್ಷರ.

"ಓದ್ತೀನಿ, ಕೇಳು," ಅಂದಳು. "'ಮೊದಲು ನೀರಿನ ಸದ್ದಾಗಿತ್ತು. ಈಗ ಯಾರೋ ನನ್ನ ಕಿಟಕಿ ಹತ್ರ ಮಂತ್ರ ಹೇಳ್ತಾರೆ. ಇದು ಶುರುವಾದಾಗಿಂದ ನನಗೆ ನನ್ನದಲ್ಲದ ಕನಸು ಬೀಳ್ತಿವೆ. ಇವತ್ತು ಬೆಳಿಗ್ಗೆ ನಾನು ನನ್ನದೇ ಮನೆ ಬೆಲ್ ಒತ್ತುತ್ತಾ ಇದ್ದೆ, ಯಾರೂ ಬಾಗಿಲು ತೆಗೀಲಿಲ್ಲ.'" ಕಾಗದ ಮಡಿಚಿದಳು. "ಇದನ್ನ ನಾನು ಸಮಿತಿಗೆ ಹೇಗೆ ಕಳಿಸ್ಲಿ ಹೇಳು? ನಗ್ತಾರೆ. ನಕ್ಕು, ಮೂರನೇದು ಅಂತ ಬರ್ಕೋತಾರೆ."

ಅಷ್ಟು ಗ್ರೀಕ್ ಸಖಿದಾದ್‌ಗೆ ಅರ್ಥವಾಗುತ್ತಿರಲಿಲ್ಲ, ನಾನು ನಮ್ಮ ಮಾತಿನಲ್ಲಿ ಹೇಳಿದೆ.

"ಹಾಗಾದ್ರೆ ಕೆಲಸ ಮಾಡುತ್ತೆ ಅಂತಾಯ್ತು," ಅಂದ ಅವನು. "ನೀರು ಹೊತ್ಕೊಂಡು ಹೋಗುತ್ತೆ. ಎರಡನೇ ಮಹಡೀಲಿ ಇಳಿಸಿಬಿಡುತ್ತೆ, ಅಷ್ಟೇ."

"ಮುಚ್ಚು ಬಾಯಿ."

ಲಂಬ್ರಿನಿ ನೌರೋಜ್ ಕಡೆಗೆ ತಿರುಗಿದಳು. "ದುಭಾಷಿ ಇನ್ನೊಂದು ಮನೇಲಿದ್ದಾನೆ, ಸಂಜೆವರೆಗೂ ಸಿಗಲ್ಲ. ನೀನೇ ಕೇಳು ಬರಾತ್. ಇವನೇ ತಾನೇ? ಏನು ಹೇಳ್ತಿದ್ದ ಅಂತ ಕೇಳು. ಮೊದಲೇ ಹೇಳ್ಬಿಡ್ತೀನಿ: ಒಬ್ಬನ ಹೆಸರು ಬರೆದ್ರೆ ಅವನು ವಾಪಸ್ ದೊಡ್ಡ ಕೇಂದ್ರಕ್ಕೆ. ಒಂಟಿಯಾಗಿರೋಕೆ ಇನ್ನೂ ತಯಾರಿಲ್ಲ ಅಂತ. ನಿನ್ನ ಅರ್ಜಿ ಚೊಕ್ಕವಾಗಿ ಉಳಿಯುತ್ತೆ. ಯಾರ ಹೆಸರೂ ಬರೀಲಿಲ್ಲ ಅಂದ್ರೆ ಅದು ಮನೆ ಮೇಲೆ ಬರುತ್ತೆ. ಮನೆ ಅಂದ್ರೆ, ಈಗ ಸಮಿತಿ ಮುಂದಿರೋ ಮೊದಲನೇ ಕಾಗದ ನಿನ್ನ ಅರ್ಜೀನೇ."

ನೌರೋಜ್‌ನ ಕೂದಲು ಇನ್ನೂ ಒದ್ದೆಯಾಗಿತ್ತು. ಕೆನ್ನೆಗೆ ತಗಡಿನ ಗೆರೆ ಬಿದ್ದಿತ್ತು.

"ಏನು ಹೇಳ್ತಿದ್ದೆ ಕೊಳವೆಗೆ?"

"ಹೇಳಬಾರದು."

"ಹೇಳು. ನನ್ನ ಮಂಚ ಹೋಗುತ್ತೆ."

"ಹೇಳಿದ್ರೇನೇ ಹೋಗೋದು!" ಅವನು ಮೊದಲ ಸಲ ಗಂಟಲೆತ್ತಿದ. "ನಿಂಗೆ ಹೇಳಿದ್ರೆ ನಿನಗೇ ಹತ್ಕೊಳುತ್ತೆ. ಬೇಡ ಲಾಲಾ, ಕಾಲಿಗೆ ಬೀಳ್ತೀನಿ."

"ನೌರೋಜ್."

ಅವನು ಕೈ ಚಾಚಿ ಅಡುಗೆಮನೆಯ ನಲ್ಲಿ ತಿರುಗಿಸಿದ. ಲಂಬ್ರಿನಿ ಹುಬ್ಬೇರಿಸಿದಳು. ನೀರು ತೊಟ್ಟಿಯ ತಗಡಿಗೆ ಬಡಿಯತೊಡಗಿತು. ಅವನು ನನ್ನ ಕಡೆ ನೋಡದೆ, ನೀರಿನ ಕಡೆ ನೋಡುತ್ತ ಹೇಳಿದ:

"ನಮ್ಮ ಕೋಣೇನೇ. ಮೂರು ಮಂಚ. ನಿನ್ನ ಮಂಚದಲ್ಲಿ ಬೇರೆ ಯಾರೋ ಹುಡುಗ ಮಲಗಿದಾನೆ. ಬರಾತ್ ಎಲ್ಲಿ ಅಂತ ಕೇಳ್ತೀನಿ. ನಾನೇ ಬರಾತ್ ಅಂತಾನೆ. ಸಖಿದಾದ್‌ನ ಕೇಳಿದ್ರೆ ಅವನೂ ಅವನನ್ನೇ ತೋರಿಸ್ತಾನೆ. ಆವಾಗ ಕೆಳಗೆ ಬೆಲ್ ಆಗುತ್ತೆ. ನೀನು ಬೀದೀಲಿ ನಿಂತು ಒತ್ತಾ ಇರ್ತೀಯ. ಬೆಲ್ ಮೇಲಿನ ಹೆಸರು ಕೆರೆದು ಹಾಕಿರ್ತಾರೆ. ನಾನು ಬಾಗಿಲು ತೆಗೀಬೇಕು ಅಂತ ಗುಂಡಿ ಹುಡುಕ್ತೀನಿ, ಗೋಡೇಲಿ ಗುಂಡಿಯೇ ಇಲ್ಲ. ನೀನು ಒತ್ತಾನೇ ಇರ್ತೀಯ." ನಲ್ಲಿಯನ್ನು ಇನ್ನಷ್ಟು ತಿರುಗಿಸಿದ. "ಬೇರೆ ಕನಸೆಲ್ಲ ನನ್ನವು. ಅವನ್ನ ತಡ್ಕೊಂಡಿದ್ದೆ. ಇದು ನಿಂದಾಗಿತ್ತು. ಬೆಳಗಾಗೋದರೊಳಗೆ ಕಳಿಸ್ಬೇಕಾಗಿತ್ತು. ಅದಕ್ಕೇ."

ನಲ್ಲಿ ಸುರಿಯುತ್ತಲೇ ಇತ್ತು. ಕೆಳಗಿನ ಮುದುಕಿಯ ಕಾಗದ ಮೇಜಿನ ಮೇಲಿತ್ತು. ಅದರಲ್ಲಿದ್ದ ಬೆಲ್ಲಿನ ಮಾತನ್ನು ನಾನು ನೌರೋಜ್‌ಗೆ ಹೇಳಿರಲಿಲ್ಲ. ಸಖಿದಾದ್‌ಗೆ ಹೇಳುವಾಗಲೂ ಬಿಟ್ಟಿದ್ದೆ. ಬೆಲ್ಲಿನ ಕನಸು ಯಾರಿಗೆ ಬೇಕಾದರೂ ಬೀಳುತ್ತದೆ, ಈ ಊರಲ್ಲಿ ಎಲ್ಲರೂ ಬೆಲ್ ಒತ್ತುವವರೇ ಎಂದು ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಆದರೆ ಆಗ ಆ ಕಾಗದವನ್ನು ಮಗುಚಿ ಹಾಕಿದ್ದು ನಿಜ.

"ಏನಂತೆ?" ಅಂದಳು ಲಂಬ್ರಿನಿ.

ಅವನು ನನ್ನ ಮಂಚ ಉಳಿಸಲು ಹೋಗಿ ಮೂರನೇ ದೂರು ತಂದಿದ್ದ. ಇಂಥ ಪೆದ್ದು ಕೆಲಸ ನಮ್ಮವರು ಮಾತ್ರ ಮಾಡುತ್ತಾರೆ. ಇದನ್ನು ಗ್ರೀಕ್‌ನಲ್ಲಿ ಹೇಳಿದರೆ ಅವಳು ಬರೆದುಕೊಳ್ಳಬೇಕು, ಅದು ಡಾಕ್ಟರ ಬಳಿ ಹೋಗಬೇಕು, ಡಾಕ್ಟರು ಈ ಹುಡುಗನಿಗೆ ಮನೆಯ ಬಗ್ಗೆ ಭಯವಿದೆ ಎನ್ನಬೇಕು, ನಲವತ್ತು ಮಂಚದ ಹಾಲಿನಲ್ಲಿ ಅವನಿಗೊಂದು ಮಂಚ ಸಿಗಬೇಕು. ಆ ಹಾಲಿನ ಬೆಳಗಿನ ಸದ್ದು ನನಗೆ ಗೊತ್ತು.

"ಪಾಠ ಬಾಯಿಪಾಠ ಮಾಡ್ತಿದ್ನಂತೆ," ಅಂದೆ. "ಗ್ರೀಕ್ ಕ್ರಿಯಾಪದಗಳು."

"ಮಳೇಲಿ? ಕಿಟಕಿಯಿಂದ ನೇತಾಡ್ಕೊಂಡು?"

"ಒಳಗೆ ನಾವು ಮಲಗಿದ್ವಲ್ಲ."

ಅವಳು ತೊಟ್ಟಿಯತ್ತ ಬೆರಳು ತೋರಿದಳು. "ಮತ್ತೆ ನಲ್ಲಿ ಯಾಕೆ ಬಿಟ್ಟ ಈಗ?"

"ಬಾಯಾರಿಕೆ."

ಸಖಿದಾದ್ ಲೋಟ ತುಂಬಿಸಿ ನೌರೋಜ್ ಕೈಗೆ ಕೊಟ್ಟ. ನೌರೋಜ್ ತನ್ನ ಕನಸು ಹೇಳಿದ ನೀರನ್ನು ನೋಡಿ ಗಾಬರಿಯಾದ. "ಕುಡಿಯೋ," ಅಂದ ಸಖಿದಾದ್, ಹಲ್ಲು ಕಚ್ಚಿ. "ಲಂಬ್ರಿನಿ ನೋಡ್ತಿದಾಳೆ." ಅವನು ಕುಡಿದ.

"ಹೆಸರು ಬರೀಲಾ?" ಲಂಬ್ರಿನಿ ಪೆನ್ನು ತೆಗೆದಳು.

"ಬೇಡ. ಮನೆ ಅಂತ ಬರೀರಿ."

ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬೇಡಿ. ಅಂದು ರಾತ್ರಿ ನಾನು ಅವನ ಜೊತೆ ಮಾತಾಡಲಿಲ್ಲ, ಮರುದಿನವೂ ಇಲ್ಲ. ಅವನು ನನ್ನ ಶೂ ಒರೆಸಿಟ್ಟಿದ್ದ. ಬೇಕೆಂದೇ ಕೆಸರಿನಲ್ಲಿ ನಡೆದೆ.

ಡಿಸೆಂಬರ್ ಇಪ್ಪತ್ತೆರಡಕ್ಕೆ ಕಾಗದ ಬಂತು. ಲಂಬ್ರಿನಿ ತಾನೇ ತಂದುಕೊಟ್ಟಳು, ಕಣ್ಣು ತಪ್ಪಿಸುತ್ತಿದ್ದಳು. ಅರ್ಜಿ ತಿರಸ್ಕಾರವಾಗಿತ್ತು. ಕಾರಣ ಒಂದೇ ಸಾಲು: ಕಿರಿಯರಿಗೆ ಸ್ಥಳದ ಅಗತ್ಯವಿರುವುದರಿಂದ. ದೂರಿನ ಮಾತೇ ಇರಲಿಲ್ಲ. ನೀರು, ಮಂತ್ರ, ಮುದುಕಿ, ಒಂದೂ ಇಲ್ಲ. ನಾನು ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಮೇಲೆ ಬಲಗಡೆ ತೀರ್ಮಾನದ ತಾರೀಕಿತ್ತು. ಡಿಸೆಂಬರ್ ನಾಲ್ಕು.

ನೌರೋಜ್ ಬಾಗಿಲ ಸಂದಿಯಲ್ಲಿ ನಿಂತಿದ್ದ. ಮುಖ ಸುಣ್ಣವಾಗಿತ್ತು. "ನನ್ನಿಂದಲೇ."

"ಬಾ ಇಲ್ಲಿ. ಇದು ಓದಕ್ಕೆ ಬರುತ್ತಾ?"

"ನಾಲ್ಕು."

"ಕನಸು ಬಿದ್ದದ್ದು ಯಾವತ್ತು?"

ಅವನು ಬೆರಳು ಮಡಿಚಿ ಎಣಿಸಿದ. "ಹನ್ನೊಂದು." ಮತ್ತೆ ಎಣಿಸಿದ. ನಿಧಾನಕ್ಕೆ ತಲೆ ಎತ್ತಿದ. "ಅಂದ್ರೆ ಆಗ್ಲೇ..."

"ಆಗ್ಲೇ ಒಂದು ವಾರ ಆಗಿತ್ತು. ನಿನ್ನ ಕನಸು ತಡವಾಗಿ ಬಿತ್ತು ಕಣೋ. ನದಿಗೇ ಹೇಳಿದ್ರೂ ಪ್ರಯೋಜನ ಇರ್ಲಿಲ್ಲ."

"ಅಂಚೆ ತಡ," ಅಂದ ಸಖಿದಾದ್ ಮಂಚದಿಂದ. "ಇವನ ಕನಸಿಗೂ ಗ್ರೀಸ್ ಗಾಳಿ ತಾಗಿದೆ. ಎಲ್ಲದಕ್ಕೂ ಸರದಿ."

ನೌರೋಜ್ ನಕ್ಕ. ಅವನು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ನನ್ನ ಸಾಮಾನು ಎರಡು ಚೀಲಕ್ಕೆ ಸರಿಹೋಯಿತು. ಸಖಿದಾದ್ ಆಲೂಗಡ್ಡೆ ತುಂಬಿದ ಬೊಲಾನಿ ರೊಟ್ಟಿ ಮಾಡಿದ; ಒಂದು ಕಡೆ ಕರಕಲಾಗಿತ್ತು, ಆಲೂಗಡ್ಡೆ ಬೆಂದಿರಲಿಲ್ಲ. ಎಲ್ಲವನ್ನೂ ತಿಂದೆವು. ಹೊರಡುವ ಮೊದಲು ಬಚ್ಚಲಿಗೆ ಹೋದಾಗ ನೌರೋಜ್‌ನ ಹರಿದ ಅಂಗಿಗೆ ಹೊಲಿಗೆ ಹಾಕಿ ಉಳಿದ ಬಿಳಿ ದಾರ ಕಿಟಕಿಯ ಮೇಲೆ ಕಂಡಿತು. ಆಗ ಹೊಳೆಯಿತು. ಶಾಲೆಯಲ್ಲಿ ಎರಡನೇ ತಿಂಗಳೇ ಹೇಳಿಕೊಟ್ಟದ್ದು: ಸೋರುವ ನಲ್ಲಿಯನ್ನು ಕೂಡಲೇ ಸರಿಮಾಡಲಾಗದಿದ್ದರೆ ಬಾಯಿಗೆ ಒಂದು ದಾರ ಕಟ್ಟಿ ಕೆಳಗೆ ಇಳಿಬಿಡಿ, ನೀರು ದಾರ ಹಿಡಿದು ಇಳಿಯುತ್ತದೆ, ಸದ್ದಾಗುವುದಿಲ್ಲ. ಒಂದು ತಿಂಗಳು ತಲೆ ಚಚ್ಚಿಕೊಂಡೆ, ಊರೆಲ್ಲ ನೀರು ಹುಡುಕಿದೆ, ಇದು ನೆನಪಾಗಲಿಲ್ಲ. ಪುಸ್ತಕದ ವಿದ್ಯೆಯೇ ಹಾಗೆ.

ನಾಲ್ಕೆಳೆ ಹೊಸೆದು ಬೇಸಿನ್ನಿನ ನಲ್ಲಿಗೆ ಕಟ್ಟಿದೆ, ತುದಿಯನ್ನು ಬೇಸಿನ್ನಿನ ತಳದ ತೂತಿನೊಳಗೆ ಇಳಿಸಿದೆ. ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದೆ. ನೀರು ದಾರದ ಮೈ ಹಿಡಿದು, ಗಾಜಿನ ಕಡ್ಡಿಯ ಹಾಗೆ, ಸದ್ದಿಲ್ಲದೆ ಇಳಿಯಿತು. ನೌರೋಜ್ ಹಿಂದೆ ನಿಂತು ನೋಡುತ್ತಿದ್ದ.

"ಇಷ್ಟು ತೆಳ್ಳಗಿನ ನೀರು ಹೊರುತ್ತಾ ಲಾಲಾ?"

"ಮೆಲ್ಲಗೆ ಹೇಳು. ಹೊರುತ್ತೆ." ಬಚ್ಚಲ ಕಿಟಕಿಯನ್ನು ಎಳೆದು ಮುಚ್ಚಿದೆ. "ಇದನ್ನ ತೆರೀಬೇಡ. ಆ ಅಜ್ಜಿ ಮಲಗ್ಲಿ."

ಜನವರಿ ಒಂದಕ್ಕೆ ನಾನು ದೊಡ್ಡವನಾದೆ. ಸೆಪೋಲಿಯಾ ಬಡಾವಣೆಯಲ್ಲಿ ನೆಲಮಾಳಿಗೆಯ ಕೋಣೆಯೊಂದರಲ್ಲಿ ಜಾಗ ಸಿಕ್ಕಿತು, ಆರು ಜನ, ಎಲ್ಲರೂ ನನಗಿಂತ ದೊಡ್ಡವರು, ಎಲ್ಲರ ಕನಸೂ ಗೊರಕೆಯಲ್ಲಿ ಕಲಸಿಹೋಗಿತ್ತು. ಓಣಿಯ ಕೊನೆಗೆ ಒಂದೇ ನಲ್ಲಿ, ಅದರ ಮುಂದೆ ಯಾವಾಗಲೂ ಟವೆಲು ಹೊದ್ದ ಯಾರಾದರೂ. ಒಬ್ಬ ಮುದುಕ ಪ್ಲಂಬರ್‌ನ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಶಾಲೆಗೆ ವಾರದಲ್ಲಿ ಐದು ದಿನ ಹೋಗಬೇಕು, ಮೂರು ದಿನ ಹೋಗುತ್ತಿದ್ದೆ. ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಮುದುಕ ಪೈಪ್ ರೆಂಚು ಕೇಳಿದ. ನನ್ನದು ಹಳೆಯ ಮನೆಯ ಬಾಲ್ಕನಿಯಲ್ಲೇ ಉಳಿದಿತ್ತು. ಶನಿವಾರ ಬೆಳಿಗ್ಗೆ ಹೋದೆ. ಬೆಲ್ಲಿನ ಪಕ್ಕದ ಚೀಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಕೆರೆದಿರಲಿಲ್ಲ, ಹೊಸ ಚೀಟಿ ಹಾಕಿದ್ದರು, ಮುತುವರ್ಜಿಯಿಂದ ಬರೆದದ್ದು. ಒತ್ತಿದೆ.

"ಯಾರು?" ಗೊತ್ತಿಲ್ಲದ ಹುಡುಗನ ದನಿ.

"ಬರಾತ್."

ಬಾಗಿಲು ತೆರೆಯಲಿಲ್ಲ. ಎದುರಿನ ಕಿತ್ತಳೆ ಮರದಿಂದ ಒಂದು ಹಣ್ಣು ಉದುರಿ ಕಾರಿನ ಮೇಲೆ ಬಡಿಯಿತು. ನಾನು ಮತ್ತೆ ಒತ್ತಲಿಲ್ಲ. ಒತ್ತುತ್ತಲೇ ಇರುವುದು ಆ ಕನಸಿನಲ್ಲಿತ್ತು, ಅದಕ್ಕೆ. ಕೈ ಜೇಬಿನಲ್ಲಿಟ್ಟುಕೊಂಡು ನಿಂತೆ.

ಮೇಲೆ ಯಾರೋ ಓಡಿದ ಸದ್ದು. "ಗುಂಡಿ ಒತ್ತೋ, ಗುಂಡಿ! ಎಡಗಡೆ ಇದೆ!" ಎಂದು ನೌರೋಜ್ ಕಿರುಚುತ್ತಿರುವುದು ಬೆಲ್ಲಿನ ತೂತಿನಲ್ಲಿ ಕೇಳಿಸಿತು. ಬಾಗಿಲು ಗುರ್ ಎಂದು ಬಿಚ್ಚಿಕೊಂಡಿತು.

ಹೊಸಬನ ಹೆಸರು ಇದ್ರೀಸ್. ಹದಿನಾರು. ನನ್ನ ಮಂಚದ ಮೇಲೆ ಕಾಲು ಮಡಿಚಿ ಕೂತಿದ್ದ, ನನ್ನನ್ನು ನೋಡಿದ ಕೂಡಲೇ ಇಳಿದು ನಿಂತ. "ಕೂತ್ಕೋ," ಅಂದೆ. "ನಿಂದೇ." ಸಖಿದಾದ್ ಚಹಾ ಇಟ್ಟ. ನೌರೋಜ್ ಬರಿಗಾಲಲ್ಲಿದ್ದ. ಅವನ ಶೂ ಬಾಗಿಲ ಪಕ್ಕದಲ್ಲಿ, ಉಳಿದವರ ಶೂಗಳ ಜೊತೆಗಿತ್ತು.

"ಕೆಳಗಿನ ಅಜ್ಜಿ?" ಅಂದೆ.

"ಮೆಟ್ಟಿಲಲ್ಲಿ ಸಿಕ್ಕಿದ್ರೆ ಗುರುಗುಟ್ಟುತ್ತಾಳೆ," ಅಂದ ಸಖಿದಾದ್. "ಕಾಗದ ಬರೆದಿಲ್ಲ. ನಿದ್ದೆ ಬರ್ತಿದ್ಯೇನೋ."

ರೆಂಚು ತೆಗೆದುಕೊಂಡೆ. ಬಾಲ್ಕನಿಯ ಮಣ್ಣು ಕೈಗೆ ಮೆತ್ತಿತ್ತು, ತೊಳೆಯಲು ಬಚ್ಚಲಿಗೆ ಹೋದೆ. ದಾರ ಅಲ್ಲೇ ಇತ್ತು. ಬಿಳುಪು ಹೋಗಿ ಬೂದುಬಣ್ಣವಾಗಿತ್ತು, ಯಾರೋ ಹೊಸ ಎಳೆ ಸೇರಿಸಿ ಗಂಟು ಬಿಗಿಮಾಡಿದ್ದರು. ಮುಟ್ಟಿದೆ. ಒದ್ದೆಯಾಗಿತ್ತು.

ನೆಲಮಾಳಿಗೆಗೆ ಹೋದ ಮೇಲೆ ನನಗೆ ಒಂದೇ ಕನಸು. ಅಣ್ಣ ಬರುತ್ತಾನೆ, ಬಾಯಿ ತೆರೆಯುತ್ತಾನೆ. ಈಗ ನೀರಿನ ಸದ್ದೂ ಇಲ್ಲ, ಸುಮ್ಮನೆ ತೆರೆದುಕೊಂಡೇ ಇರುತ್ತಾನೆ. ಪೈಪಿನ ನೀರು ಕೊಳೆಯನ್ನು ಬಿಟ್ಟು ಬೇರೇನನ್ನೂ ಹೊರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಕಿಟಕಿ ಮುಚ್ಚಿದೆಯೇ ನೋಡಿದೆ. ಬಾಗಿಲಿನ ಚಿಲಕ ಹಾಕಿದೆ. ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

"ಲಾಲಾ, ಆಯ್ತಾ?" ಇದ್ರೀಸ್‌ನ ದನಿ. "ನನಗೂ ಸ್ವಲ್ಪ ನಲ್ಲಿ ಬೇಕಿತ್ತು."

"ತಡಿ," ಅಂದೆ. "ಇನ್ನೂ ಮುಗಿದಿಲ್ಲ."